ನಿಶಾಂತ್ ದೇವ್ ನಿಜವಾಗಿ ಸೋತಿದ್ದರೇ?

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬಾಕ್ಸರ್ ನಿಶಾಂತ್ ದೇವ್ ಅವರಿಗೆ ಅನ್ಯಾಯವಾಯಿತೇ? ಅವರ ಅತ್ಯುತ್ತಮ ಗೆಲುವು ಯಾವುದು? – ಓದುಗರು, ಹಗರೆ

ನಿಶಾಂತ್ ಹರಿಯಾಣದವರಾದರೂ ಪಳಗಿದ್ದು ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ. 2024ರ ಆಗಸ್ಟ್‌ನಲ್ಲಿ 71 ಕೆ.ಜಿ. ವಿಭಾಗದ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೊದ ಮಾರ್ಕೊ ವೆರ್ಡೆ ಎದುರು 1–4ರಿಂದ (ಐವರು ತೀರ್ಪುಗಾರರಲ್ಲಿ ನಾಲ್ವರು ವೆರ್ಡೆ ಪರ) ಸೋತರು. ಗೆದ್ದಿದ್ದರೆ ಪದಕ ಖಚಿತವಾಗುತ್ತಿತ್ತು. ಮೊದಲ ಸುತ್ತು ಸ್ಪಷ್ಟವಾಗಿ ನಿಶಾಂತ್ ಅವರದೇ. ತೀರ್ಪು ಬಂದಾಗ ಬಾಕ್ಸರ್ ವಿಜೇಂದರ್ ಸಿಂಗ್ ಅವರೂ ಅಂಕ ನೀಡಿಕೆಯನ್ನು ಪ್ರಶ್ನಿಸಿದರು.

ಲೆಕ್ಕ ಹೀಗಿದೆ: ಐವರು ತೀರ್ಪುಗಾರರು ಪ್ರತಿ ಸುತ್ತಿನ ವಿಜೇತನಿಗೆ 10, ಎದುರಾಳಿಗೆ ಸಾಮಾನ್ಯವಾಗಿ 9 ಕೊಡುತ್ತಾರೆ. ಮೊದಲ ಸುತ್ತಿನಲ್ಲಿ ಸ್ಪಷ್ಟ ಮೇಲುಗೈ ಕಂಡರೂ ಸಾಮಾನ್ಯವಾಗಿ ಲಾಭ ಒಂದೇ ಅಂಕ. ಉಳಿದೆರಡು ಸುತ್ತು ಕೂದಲೆಳೆ ಅಂತರದಲ್ಲಿ ತಪ್ಪಿದರೂ ಒಟ್ಟು 28–29, ಅಂದರೆ ಸೋಲು. ಎರಡನೇ ಸುತ್ತೇ ವಿವಾದದ ಮೂಲ. ಅದು ನಿಶಾಂತ್‌ಗೆ ಸಲ್ಲಬೇಕಿತ್ತೆಂಬ ವಾದದಲ್ಲಿ ಹುರುಳಿದೆ. ಮೂರನೆಯದರಲ್ಲಿ ಮಾತ್ರ ಅವರು ದಣಿದಿದ್ದರು.

ಇದೇ ವೆರ್ಡೆಯನ್ನು ಅವರು 2021ರ ಬೆಲ್‌ಗ್ರೇಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಣಿಸಿದ್ದರು.

ಆದರೂ ಅತ್ಯುತ್ತಮ ಗೆಲುವೆಂದರೆ 2023ರ ತಾಷ್ಕೆಂಟ್ ವಿಶ್ವ ಚಾಂಪಿಯನ್‌ಷಿಪ್‌ನದು. ಬಾಕ್ಸಿಂಗ್‌ನಲ್ಲಿ ಬಲಿಷ್ಠವಾದ ಕ್ಯೂಬಾದ ಹೋರ್ಹೆ ಕ್ವೆಲ್ಯಾರ್ ಅವರನ್ನು ಕ್ವಾರ್ಟರ್ ಫೈನಲ್‌ನಲ್ಲಿ 5–0ಯಿಂದ ಸೋಲಿಸಿ ಕಂಚು ಖಚಿತಪಡಿಸಿಕೊಂಡರು. ಆ ದಿನ ಐವರಲ್ಲಿ ಒಬ್ಬರಿಗೂ ಅನುಮಾನವಿರಲಿಲ್ಲ.