ಹಿತ್ತಲಿನ ನೇರಳೆ ಎಲೆಯ ಗಿಡ ಯಾವುದು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಅಂಗಳದ ಗಿಡಗಳು ಬರುವುದು ಹೆಚ್ಚಾಗಿ ಎರಡು ದಾರಿಯಿಂದ: ಒಂದೋ ನರ್ಸರಿಯಿಂದ, ಇಲ್ಲವೇ ಬೀಗರ ಮನೆಯಿಂದ ಮುರಿದು ತಂದ ಟೊಂಗೆಯಿಂದ. ಎರಡರಲ್ಲೂ ಗಿಡದ ಜೊತೆ ಹೆಸರು ಬರುವುದು ಅಪರೂಪ. ಎಲೆಗೆ ಬಣ್ಣವಿದ್ದರೆ ಸಾಕು, ಎಲ್ಲವೂ 'ಕ್ರೋಟನ್'. ನೇರಳೆ ಎಲೆಯ ಗಿಡಗಳ ವಿಷಯದಲ್ಲಿ ಈ ಉದಾಸೀನ ಒಳ್ಳೆಯದಲ್ಲ. ಅವುಗಳಲ್ಲಿ ಶರಬತ್ತಿಗೆ ಬೀಜ ಕೊಡುವ ಗಿಡವೂ ಇದೆ, ಕಣ್ಣಿಗೆ ಕುತ್ತು ತರುವ ಗಿಡವೂ ಇದೆ.

ಬಣ್ಣ ನೋಡಿ ಗಿಡದ ಗುಣ ತಿಳಿಯಲಾಗದು. ಎಲೆಗೆ ನೇರಳೆ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯ. ನೇರಳೆ ಹಣ್ಣಿನಲ್ಲಿ, ಬದನೆಕಾಯಿಯ ಸಿಪ್ಪೆಯಲ್ಲಿ ಇರುವುದೂ ಅದೇ. ನೆರಳಿನಲ್ಲಿಟ್ಟರೆ ಎಷ್ಟೋ ಗಿಡಗಳ ನೇರಳೆ ಮಾಸಿ ಹಸಿರಾಗುತ್ತದೆ. ಆದ್ದರಿಂದ ಎಲೆ ಎಲ್ಲಿ, ಹೇಗೆ ಹುಟ್ಟಿದೆ, ಮುರಿದರೆ ಏನು ಒಸರುತ್ತದೆ, ವಾಸನೆ ಹೇಗಿದೆ ಎಂದು ನೋಡಬೇಕು.

ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಮುಖದಿಂದ ದೂರ ಹಿಡಿದು ಎಲೆಯ ತೊಟ್ಟು ಮುರಿಯಿರಿ. ಬಿಳಿ ಹಾಲು ಬಂದು, ದುಂಡಗಿನ ಕಡುನೇರಳೆ ಎಲೆಗಳು ಉದ್ದ ತೊಟ್ಟಿನ ಮೇಲೆ ಒಂದೇ ಗೆಣ್ಣಿನಲ್ಲಿ ಮೂರು ಮೂರಾಗಿ ಹುಟ್ಟಿದ್ದರೆ ಅದು ಯೂಫೋರ್ಬಿಯಾ ಕಾಟಿನಿಫೋಲಿಯಾ ಇರಬಹುದು. ಅಮೆರಿಕದ ಉಷ್ಣ ವಲಯದಿಂದ ಬಂದ ಗಿಡ. ನೋಡಲು ಬಲು ಚಂದ, ಅದಕ್ಕೇ ಬೇಲಿಗೂ ಹಚ್ಚುತ್ತಾರೆ. ಇದರ ಹಾಲು ಚರ್ಮಕ್ಕೆ ತಾಗಿದರೆ ಉರಿ, ಗುಳ್ಳೆ. ಕಣ್ಣಿಗೆ ಸಿಡಿದರೆ ಕರಿಗುಡ್ಡೆಯ ಮೇಲ್ಪದರವೇ ಸುಡುತ್ತದೆ. ಮೊದಲ ಗಂಟೆಗಳಲ್ಲಿ 'ಅಷ್ಟೇನಿಲ್ಲ' ಎನಿಸಿದ್ದು ಮರುದಿನ ಉಲ್ಬಣಿಸಬಹುದು. ಕತ್ತರಿಸುವಾಗ ಕನ್ನಡಕ, ಕೈಗವಸು ಇರಲಿ. ಕತ್ತರಿಸಿದ ಟೊಂಗೆಯನ್ನು ಆಡಿನ ಮುಂದೆ ಎಸೆಯಬೇಡಿ.

ಹಾಲಿಲ್ಲದೆ, ಎಲೆ ಹಸ್ತದಂತೆ ಸೀಳಿದ್ದರೆ ಎರಡು ಸಾಧ್ಯತೆಗಳಿವೆ. ಎಲೆ ದೊಡ್ಡದಾಗಿ, ಐದಕ್ಕಿಂತ ಹೆಚ್ಚು ಸೀಳಿದ್ದು, ತೊಟ್ಟು ಅಂಚಿಗೆ ಸೇರದೆ ಎಲೆಯ ಒಳಭಾಗಕ್ಕೆ ಅಂಟಿದ್ದರೆ ಅದು ನಮ್ಮ ಔಡಲವೇ, ಕೆಂಪು ಜಾತಿಯದು. ಅದರ ಬೀಜದಲ್ಲಿ ರಿಸಿನ್ ಎಂಬ ವಿಷವಿದೆ. ಬೀಜವನ್ನು ಅಗಿದು ನುಂಗಿದರೆ ಅಪಾಯ ಹೆಚ್ಚು. (ಔಡಲೆಣ್ಣೆಗೆ ಹೆದರಬೇಕಿಲ್ಲ, ವಿಷ ಹಿಂಡಿಯಲ್ಲಿ ಉಳಿಯುತ್ತದೆ.) ಎಲೆ ಸಣ್ಣದಾಗಿ, ಮೂರೋ ಐದೋ ಸೀಳಿದ್ದು, ಚಿಗುರು ನೇರಳೆಯಾಗಿ ಮುಟ್ಟಿದರೆ ಅಂಟಂಟಾಗಿ, ಹೂ ಚಿಕ್ಕದಾಗಿ ಕೆಂಪಗಿದ್ದರೆ ಅದು ಜಟ್ರೋಫಾ ಜಾತಿಯ ಗಿಡ. ರಸ್ತೆಬದಿಯಲ್ಲಿ, ಪಾಳು ಜಾಗದಲ್ಲಿ ತಾನೇ ಬೆಳೆಯುತ್ತದೆ. ಇದರ ಸೋದರ ಗಿಡವಾದ ಡೀಸೆಲ್ ಜಟ್ರೋಫಾದ ಬೀಜ ರುಚಿಯಾಗಿರುವುದರಿಂದ ಶಾಲಾ ಮಕ್ಕಳು ಗುಂಪಾಗಿ ತಿಂದು ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಮಿಸ್ವಾಕ್‌ಗೆಂದು ಗುರುತಿಲ್ಲದ ಟೊಂಗೆ ಮುರಿಯುವ ಅಭ್ಯಾಸವನ್ನೂ ಬಿಡಬೇಕು.

ಕಾಂಡ ಚೌಕಾಕಾರ, ಎಲೆಗಳು ಎದುರುಬದುರು, ಹಿಚುಕಿದರೆ ಘಮ. ಹೀಗಿದ್ದರೆ ಅದು ತುಳಸಿಯ ಬಳಗ. ರೈಹಾನ್ ಎಂದು ಕರೆಯುವ ಕಾಮಕಸ್ತೂರಿಯಲ್ಲೂ ನೇರಳೆ ಎಲೆಯದಿದೆ. ರಂಝಾನಿನ ಶರಬತ್ತಿಗೆ ಹಾಕುವ ಸಬ್ಜಾ ಇದೇ ಕಾಮಕಸ್ತೂರಿಯ ಬೀಜ. ಆದರೆ ಚೌಕ ಕಾಂಡದ್ದೆಲ್ಲ ತುಳಸಿಯಲ್ಲ, ಬಣ್ಣದೆಲೆಯ ಕೋಲಿಯಸ್‌ಗೂ ಅದೇ ಕಾಂಡ. ಘಮದ ಗುರುತು ಪೂರ್ತಿ ಖಚಿತವಾಗುವವರೆಗೆ ಯಾವುದನ್ನೂ ಬಾಯಿಗೆ ಹಾಕಬೇಡಿ.

ಮೊಬೈಲ್ ಆ್ಯಪ್ ಹೇಳಿದ ಹೆಸರನ್ನು ಸುಳಿವೆಂದು ಇಟ್ಟುಕೊಳ್ಳಬಹುದು, ಅಷ್ಟೇ. ಅದನ್ನು ನಂಬಿ ಕಷಾಯ ಕುದಿಸಬಾರದು. ಹೂ, ಕಾಯಿ ಇರುವ ಒಂದು ಟೊಂಗೆಯನ್ನು ಸುದ್ದಿಪತ್ರಿಕೆಯ ಹಾಳೆಗಳ ನಡುವೆ ಒತ್ತಿಟ್ಟು ಹತ್ತಿರದ ಪದವಿ ಕಾಲೇಜಿನ ಸಸ್ಯಶಾಸ್ತ್ರ ಅಧ್ಯಾಪಕರಿಗೆ ತೋರಿಸಿ. ಜಿಲ್ಲಾ ಕೇಂದ್ರ ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಅಲ್ಲಿಯೂ ವಿಚಾರಿಸಬಹುದು.

ಹಾಲು ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಕನಿಷ್ಠ 15 ನಿಮಿಷ ಶುದ್ಧ ನೀರನ್ನು ಹರಿಯಬಿಡಿ, ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಸುರ್ಮಾ, ಗುಲಾಬ್ ಜಲ, ತಾಯಿಯ ಹಾಲು ಯಾವುದೂ ಬೇಡ. ಚರ್ಮಕ್ಕೆ ಸಾಬೂನು, ನೀರು ಸಾಕು. ಮಗು ಬೀಜವನ್ನೋ ಎಲೆಯನ್ನೋ ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಗು ಆಡಿಕೊಂಡಿದೆ ಎಂದು ಕಾಯುತ್ತಲೂ ಕೂರಬೇಡಿ, ರಿಸಿನ್‌ನ ಲಕ್ಷಣಗಳು ಕೆಲವು ಗಂಟೆಗಳ ನಂತರವೂ ಶುರುವಾಗಬಹುದು. 108ಕ್ಕೆ ಕರೆ ಮಾಡಿ. ದಿಲ್ಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಆಸ್ಪತ್ರೆಗೆ ಹೊರಡುವಾಗ ಆ ಗಿಡದ ಎಲೆ, ಹೂ, ಕಾಯಿ ಇರುವ ಟೊಂಗೆಯನ್ನು ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ. ಮಗು ತಿಂದದ್ದು ಏನೆಂದು ವೈದ್ಯರು ಮೊದಲು ಕೇಳುತ್ತಾರೆ.