ಸಿರಿಧಾನ್ಯ: ಹೊಲದಿಂದ ಅಂಗಡಿಗೆ

ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು ಬೆಳೆಯುವುದು ಕಷ್ಟವಲ್ಲ. ಎಕರೆಗೆ ಮೂರ್ನಾಲ್ಕು ಕಿಲೊ ಬೀಜ ಸಾಕು. ಬರಗು ಎರಡೂವರೆ ತಿಂಗಳಲ್ಲೇ ಕೊಯ್ಲಿಗೆ ಬರುತ್ತದೆ. ಹಾರಕಕ್ಕೆ ನಾಲ್ಕು ತಿಂಗಳು ಬೇಕು. ಕರ್ನಾಟಕ ಸರ್ಕಾರ ‘ರೈತ ಸಿರಿ’ ಯೋಜನೆಯಡಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿದ್ದೂ ಉಂಟು.

ತೊಡಕಿರುವುದು ಮಾರಾಟದಲ್ಲಿ. ಸಿಪ್ಪೆ ಸಮೇತ ಮಾರಿದರೆ ವರ್ತಕ ಹೇಳಿದ್ದೇ ದರ. ಅಕ್ಕಿ ಮಾಡಿಸಿದರೆ ತೂಕ ಸುಮಾರು ಮೂರನೇ ಒಂದು ಭಾಗ ಇಳಿದರೂ ಬೆಲೆ ಏರುತ್ತದೆ. ಒಬ್ಬೊಬ್ಬರೇ ಯಂತ್ರ ಕೊಳ್ಳುವುದು ದುಬಾರಿ. ರೈತ ಉತ್ಪಾದಕರ ಕಂಪನಿಯ ಗಿರಣಿಯೇ ಲೇಸು. ಕಲ್ಲು ಬೇರ್ಪಡಿಸುವ ಯಂತ್ರವೂ ಅಲ್ಲಿರಬೇಕು – ಅನ್ನದಲ್ಲಿ ಕಲ್ಲು ಸಿಕ್ಕ ಗ್ರಾಹಕ ಮತ್ತೆ ಬರುವುದು ಅನುಮಾನ. ಸಿಪ್ಪೆ ತೆಗೆದ ಅಕ್ಕಿ ಬೇಗ ಕಮಟು ಹಿಡಿಯುವುದರಿಂದ ಬೇಡಿಕೆ ಬಂದಷ್ಟನ್ನೇ ಗಿರಣಿಗೆ ಹಾಕಿಸಿ, ಉಳಿದದ್ದನ್ನು ಸಿಪ್ಪೆಯೊಂದಿಗೇ ದಾಸ್ತಾನಿಡಬೇಕು.