ಅಲಗೇರಿಯಿಂದ ದುಬೈ ಎಷ್ಟು ದೂರ?

ಕಾರವಾರದ ಬಿಣಗಾ ದಾಟಿ ಅರ್ಗಾ ಬಂತೆಂದರೆ ಹೆದ್ದಾರಿ ಪಕ್ಕ ನೌಕಾನೆಲೆಯ ಕಾಂಪೌಂಡು ಶುರು. ಗೂಡಂಗಡಿಯೊಂದರಲ್ಲಿ ಚಾ ಕುಡಿಯುತ್ತ ಅಂಕೋಲೆಯ ಅಲಗೇರಿಯಲ್ಲಿ ಬರಲಿರುವ ವಿಮಾನ ನಿಲ್ದಾಣದ ಮಾತು ತೆಗೆದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸಮುದ್ರದ ಕಡೆ ಕೈ ಮಾಡಿ, "ನಾ ಸಣ್ಣವ ಇರುವಾಗ ಆ ಅಂಜುದೀವವೇ ಪರದೇಶ, ತಮಾ. ಈಗ ಮೊಮ್ಮಗ ದುಬೈಲಿದ್ದಾನೆ, ಅದೇ ಹತ್ತಿರ" ಎಂದರು. ಮನೆಗೆ ಬಂದವನೇ ಹಳೆಯ ಕಡತ ಹರಡಿಕೊಂಡು ಕೂತೆ.

ಅಂಜುದೀವ ದ್ವೀಪ 1961ರ ಡಿಸೆಂಬರ್‌ವರೆಗೂ ಪೋರ್ಚುಗೀಸರದ್ದು. 1955ರಲ್ಲಿ ಭಾರತ ಗೋವಾದ ಗಡಿ ಬಿಗಿ ಮಾಡಿದ ಹೊತ್ತಿಗೆ ಅವರು ಅಲ್ಲಿನ ದಾಬೋಲಿಂನಲ್ಲಿ ರನ್‌ವೇ ಹಾಕಿ, ಟಿಎಐಪಿ ಎಂಬ ವಿಮಾನ ಕಂಪನಿ ಕಟ್ಟಿ ದಮನ್, ದಿಯು, ಕರಾಚಿಗೆ ಹಾರತೊಡಗಿದರು. ಗಡಿಯ ಮಾಜಾಳಿ ದಾಟುವುದೇ ಕಷ್ಟವಾಗಿದ್ದ ಕಾಲದಲ್ಲಿ ಪಣಜಿಯವರಿಗೆ ಕರಾಚಿ ನೆರೆಮನೆ! 1961ರ ಡಿಸೆಂಬರ್ 18ರಂದು ನಮ್ಮ ವಾಯುಪಡೆ ಆ ರನ್‌ವೇಗೆ ಬಾಂಬು ಹಾಕಿತು. ಅದೇ ರಾತ್ರಿ ಒಂದಿಷ್ಟು ಗುಂಡಿ ಮುಚ್ಚಿ, ಹೆಚ್ಚುವರಿ ಸೀಟುಗಳನ್ನು ಕಿತ್ತೆಸೆದು, ಬರೀ 700 ಮೀಟರ್ ಓಡಿ ಮೇಲೆದ್ದ ಕಾನ್ಸ್‌ಟಲೇಶನ್ ವಿಮಾನ ಅಧಿಕಾರಿಗಳ ಸಂಸಾರಗಳನ್ನು ಹೊತ್ತು ಕರಾಚಿ ಸೇರಿತು. ಬೆನ್ನಿಗೇ ಟಿಎಐಪಿಯ ಡಿಸಿ-4 ಕೂಡ. ಶತ್ರುಗಳೇ ಆದರೂ ಆ ಪೈಲಟ್‌ಗಳಿಗೆ ಶಹಬ್ಬಾಸ್ ಅನ್ನದಿರಲು ನನ್ನಿಂದಾಗದು.

ಇರಲಿ, ಅಲಗೇರಿಗೆ ಬರೋಣ. ರನ್‌ವೇ ನೌಕಾಪಡೆಯದು, ಪಕ್ಕದಲ್ಲಿ ಪ್ರಯಾಣಿಕರಿಗೊಂದು ಸಿವಿಲ್ ಎನ್‌ಕ್ಲೇವ್ ಎಂಬುದು ಯೋಜನೆ. ಇಲ್ಲಿಂದ ನೇರ ಗಲ್ಫ್‌ಗೆ ಹಾರುವ ಕನಸು ಕಾಣುವವರು 2016ರ ವಿಮಾನಯಾನ ನೀತಿಯನ್ನೊಮ್ಮೆ ಓದಬೇಕು. ಸಾರ್ಕ್ ದೇಶಗಳಿಗೂ ದೆಹಲಿಯಿಂದ 5000 ಕಿ.ಮೀ. ಆಚೆಯ ದೇಶಗಳಿಗೂ ಪರಸ್ಪರ ಒಪ್ಪಿಗೆಯ ಮೇಲೆ ಅದು 'ಓಪನ್ ಸ್ಕೈ', ಅಂದರೆ ವಿಮಾನಗಳ ಲೆಕ್ಕಕ್ಕೆ ಮಿತಿಯಿಲ್ಲ, ಎನ್ನುತ್ತದೆ. ಕೊಲಂಬೊ, ಕಠ್ಮಂಡು ಅದರ ವ್ಯಾಪ್ತಿಗೆ ಬರುತ್ತವೆ. ದುಬೈ, ಮಸ್ಕತ್, ದೋಹಾ ಮಾತ್ರ ನಡುವೆ ಸಿಕ್ಕಿಕೊಂಡಿವೆ: ವಾರಕ್ಕಿಷ್ಟೇ ಸೀಟು ಎಂಬ ಒಪ್ಪಂದ, ಪಟ್ಟಿಯಲ್ಲಿರುವ ಊರುಗಳಲ್ಲಷ್ಟೇ ವಿದೇಶಿ ವಿಮಾನ ಇಳಿಯಬೇಕೆಂಬ ಕಟ್ಟಳೆ. ಭಟ್ಕಳದವರು, ಕಾರವಾರದವರು ದುಡಿಯಲು ಹೋಗುವುದು ಕಠ್ಮಂಡುವಿಗಂತೂ ಅಲ್ಲ. ದೆಹಲಿಯಲ್ಲಿ ಕೈವಾರ ಊರಿ ಎಳೆದ ಗೆರೆಯೊಳಗೇ ಕರಾವಳಿಯ ನೆರೆಹೊರೆ ಸಿಕ್ಕಿಬಿದ್ದಿದೆ.

ಮಂಗಳೂರಿಗೆ 2006ರಲ್ಲಿ ದುಬೈ ದಾರಿ ತೆರೆದದ್ದು ನಮ್ಮದೇ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಅಲಗೇರಿಗೂ ಅಂಥ ದೇಶೀ ಕಂಪನಿಯೇ ಗತಿ. ಅದಕ್ಕೂ ಕಸ್ಟಮ್ಸ್, ಇಮಿಗ್ರೇಷನ್ ಬೇಕು. ಮೇಲೆ ನೌಕಾಪಡೆಯ ಗಡಿಯಾರ ಬೇರೆ. ದಾಬೋಲಿಂನಲ್ಲಿ ತರಬೇತಿಗೆಂದು ವಾರದ ದಿನಗಳ ಬೆಳಗಿನ ಹೊತ್ತು ಪ್ರಯಾಣಿಕ ವಿಮಾನಗಳನ್ನು ವರ್ಷಾನುಗಟ್ಟಲೆ ತಡೆದಿಟ್ಟವರು ಅವರು. ಅಲಗೇರಿಯಲ್ಲಿ ಯಾವ ಹೊತ್ತು ಬಿಟ್ಟುಕೊಡುತ್ತಾರೆಂದು ಟರ್ಮಿನಲ್ ಕಟ್ಟುವ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.